ದಯವಿಟ್ಟು ವೋಲ್ಟೇಜು ಏರಿಸಬೇಡಿ

ಕರೆಂಟು ಕಡಿಮೆ ಬರುತ್ತಿದೆ ಎಂದು ದೂರು ಕೊಟ್ಟು ಕೆಟ್ಟವರು ಲೋಕದಲ್ಲಿ ಎಷ್ಟೋ ಜನ ಇದ್ದಾರು. ಕಡಿಮೆಯೇ ಬರಲಿ ಎಂದು ಬೇಡಿಕೊಂಡು ಕೆಟ್ಟವನು ತಡೀರಪ್ಪ ಒಬ್ಬನೇ.

ತಡೀರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಹಾಲು ಉಕ್ಕುತ್ತಿದ್ದರೂ ಬಸ್ಸು ಹೊರಟುಹೋಗುತ್ತಿದ್ದರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತು ‘ತಡೀರಿ, ತಡೀರಿ’. ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನ ಗುಮಾಸ್ತ ಅವನು. ಜನ ಬಸ್ಸಿನಲ್ಲಿ ಮರೆತ ಕೊಡೆಗಳನ್ನು ವಾರಸುದಾರರಿಗೆ ಒಪ್ಪಿಸುವುದು ಕೆಲಸ. ಕೊಡೆ ನಿಮ್ಮದೇ ಎಂದು ನೀವು ಆಣೆ ಇಟ್ಟು ಹೇಳಿದರೂ ಅವನು ‘ತಡೀರಿ’ ಎಂದು ಹಿಡಿಕೆಯನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತಿದ್ದ. ಸಾಮಾನ್ಯವಾಗಿ ಮಳೆ ನಿಂತ ಮೇಲೆ ಕೊಡೆ ಕೈಗೆ ಸಿಗುತ್ತಿತ್ತು.

ಇಂಥವನಿಗೂ ಒಂದು ಹೆಮ್ಮೆ ಇತ್ತು. ಹರೆಯದಲ್ಲಿ ಸಂಜೆ ತರಗತಿಗೆ ಹೋಗಿ ರೇಡಿಯೊ ರಿಪೇರಿ ಕಲಿತಿದ್ದ. ಆ ಸರ್ಟಿಫಿಕೇಟು ನಡುಮನೆಯ ಗೋಡೆಯ ಮೇಲಿತ್ತು. ‘ಮೂರನೆಯ ದರ್ಜೆ’ ಎಂದು ಅಚ್ಚಾಗಿದ್ದ ಜಾಗದ ಮೇಲೆ ಸರಿಯಾಗಿ ಫ್ರೇಮಿನ ಅಂಚು ಕೂರುವಂತೆ ಕಟ್ಟಿಸಿದ್ದ. ಅಂದಿನಿಂದ ಇಂದಿನವರೆಗೆ ಅವನು ಒಂದು ರೇಡಿಯೊವನ್ನೂ ರಿಪೇರಿ ಮಾಡಿರಲಿಲ್ಲ. ಕಾರಣ ಸರಳ. ಯಾವ ಸೆಟ್ಟನ್ನು ತಂದುಕೊಟ್ಟರೂ ಬಿಚ್ಚಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಕೊಟ್ಟವರು ವಾಪಸು ಒಯ್ಯುತ್ತಿದ್ದರು.

ಹೀಗಿರುವಾಗ ಮಾವನವರು ಬಂದರು. ಜೊತೆಗೆ ಒಂದು ಟ್ರಂಕು, ಒಂದು ರೇಡಿಯೊ.

ಮಾವನವರು ನಿವೃತ್ತ ರೈಲ್ವೆ ಗಾರ್ಡು. ಜೀವಮಾನವಿಡೀ ಇಂಜಿನ್ನುಗಳ ಕೂಗಿನ ನಡುವೆ ಸೀಟಿ ಊದಿ ಅವರ ಕಿವಿಗಳು ಅವರಿಗಿಂತ ಮೊದಲೇ ನಿವೃತ್ತಿ ಪಡೆದಿದ್ದವು. ಈ ಸಂಗತಿಯನ್ನು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೇಳಿದ್ದರೂ ಕೇಳಿಸುತ್ತಿರಲಿಲ್ಲ. ಅವರ ತಿಳುವಳಿಕೆಯೇ ಬೇರೆ.

“ಈಗಿನ ಕಾಲದ್ದು ಯಾವುದಕ್ಕೂ ಗಂಟಲಿಲ್ಲ,” ಎನ್ನುತ್ತಿದ್ದರು. “ಟಿ.ವಿ. ಪಿಸುಗುಟ್ಟುತ್ತೆ. ಫೋನು ಗೊಣಗುತ್ತೆ. ನನ್ನ ಮಗಳು ಬರೀ ತುಟಿ ಆಡಿಸ್ತಾಳೆ. ಗಂಟಲು ಅಂದ್ರೆ ಇದರದ್ದು ನೋಡಿ.” ಹೀಗೆಂದು ರೇಡಿಯೊದ ನೆತ್ತಿ ಸವರುತ್ತಿದ್ದರು.

ಅದು ವಾಲ್ವುಗಳ ಕಾಲದ ರೇಡಿಯೊ. ಒಂದು ಚಿಕ್ಕ ಬೀರುವಿನಷ್ಟು ಗಾತ್ರ. ಅತ್ತೆಯವರು ತೀರಿಕೊಂಡ ದಿನ ಅದರ ಮುಳ್ಳು ಯಾವ ಸ್ಟೇಷನ್ನಿನ ಮೇಲೆ ನಿಂತಿತ್ತೋ ಇಂದಿಗೂ ಅಲ್ಲೇ ನಿಂತಿತ್ತು. ಅಂದಿನಿಂದ ಅದಕ್ಕೆ ಯಾರೂ ಕರೆಂಟು ಕೊಟ್ಟಿರಲಿಲ್ಲ. ಮಾವನವರು ಟ್ರಂಕನ್ನು ಬಾಗಿಲ ಪಕ್ಕದಲ್ಲೇ ಇರಿಸಿ, ಬಿಚ್ಚದೆ, ಮಗಳಿಗೆ ಹೇಳಿದರು: “ಈ ಮನೇಲಿ ಮಾತಾಡೋರೇ ಇಲ್ಲ. ಇದೊಂದು ಮಾತಾಡಿದ್ರೆ ಇರ್ತೀನಿ. ಇಲ್ಲಾಂದ್ರೆ ನನ್ನನ್ನ ಯಾವುದಾದ್ರೂ ಆಶ್ರಮಕ್ಕೆ ಸೇರಿಸ್ಬಿಡು.” ಹೇಳಿದವರೇ ಪ್ಲಗ್ಗು ಹಿಡಿದು ಗೋಡೆಯ ಕಡೆ ಹೊರಟರು.

ತಡೀರಪ್ಪ ಊಟದ ಕೈಯಲ್ಲೇ ಹಾರಿ ಬಂದು ಪ್ಲಗ್ಗಿಗೂ ಗೋಡೆಗೂ ನಡುವೆ ನಿಂತ.

“ತಡೀರಿ ಮಾವ. ಇಷ್ಟು ವರ್ಷ ಮಲಗಿದ್ದ ಸೆಟ್ಟು ಇದು. ಒಳಗೆ ಕೆಪಾಸಿಟರ್ ಅಂತ ಇರ್ತಾವೆ, ಒಣಗಿಹೋಗಿರ್ತಾವೆ. ಒಂದೇ ಸಲ ಪೂರ್ತಿ ಕರೆಂಟ್ ಕೊಟ್ರೆ ಸಿಡಿದುಹೋಗ್ತಾವೆ. ಉಪವಾಸ ಬಿದ್ದವನಿಗೆ ಮೊದಲು ಗಂಜಿ ಕೊಡಲ್ವಾ, ಹಾಗೆ. ಸ್ವಲ್ಪ ಸ್ವಲ್ಪವೇ ಕೊಟ್ಟು ಎಬ್ಬಿಸ್ಬೇಕು.”

“ಏನಂತಾರೆ ನಿನ್ನ ಗಂಡ?” ಎಂದು ಮಾವನವರು ಮಗಳನ್ನು ಕೇಳಿದರು.

“ನಿಧಾನಕ್ಕೆ ಮಾಡ್ಬೇಕಂತೆ ಅಪ್ಪ,” ಎಂದು ಅವಳು ಅವರ ಕಿವಿಗೆ ಬಾಯಿಟ್ಟು ಕೂಗಿದಳು.

“ಇಲ್ಲೀವರೆಗೆ ಅದು ಬಿಟ್ಟು ಬೇರೇನಾದ್ರೂ ಹೇಳಿದ್ದಾರಾ ಅವರು?”

ಈ ಮಾತು ತಡೀರಪ್ಪನಿಗೆ ಚುಚ್ಚಿತು. ಗೋಡೆಯ ಮೇಲಿದ್ದ ಫ್ರೇಮಿನ ಕಡೆ ಕೈ ತೋರಿಸಿ, ಮಾವನಿಗೆ ಕೇಳಿಸಲೆಂದು ಗಂಟಲು ಹರಿಯುವಂತೆ, “ನಾನು ಕಲಿತವನು ಮಾವ. ಇದನ್ನ ಮಾತಾಡ್ಸೋದು ನನ್ನ ಜವಾಬ್ದಾರಿ,” ಎಂದ. ಮಾವನಿಗೆ ಕೇಳಿಸಿತೋ ಇಲ್ಲವೋ, ಬೀದಿಗೆ ಕೇಳಿಸಿತು.

ಜವಾಬ್ದಾರಿ ಹೊತ್ತದ್ದೇ ತಡ, ಕಲಿತದ್ದನ್ನು ನೆನಪಿಸಿಕೊಳ್ಳಲು ಕೂತ. ತರಗತಿಯ ಮೇಷ್ಟ್ರು ಎರಡು ದಾರಿ ಹೇಳಿಕೊಟ್ಟಿದ್ದರು. ಒಂದು, ಗುಂಡಿ ತಿರುಗಿಸಿದಂತೆ ವೋಲ್ಟೇಜನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುವ ಯಂತ್ರ. ಅದು ತರಗತಿಯಲ್ಲಿತ್ತು. ತಡೀರಪ್ಪ ಅಲ್ಲಿಗೆ ಹೋಗಿ ನೋಡಿದರೆ ತರಗತಿ ಇದ್ದ ಕಡೆ ವ್ಯಾಯಾಮಶಾಲೆ ಇತ್ತು. ಬಂದ ಕಾರಣ ಹೇಳುವ ಮೊದಲೇ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ನೋಡಿ, ತಲೆ ಅಲ್ಲಾಡಿಸಿ ಕಳಿಸಿದರು. ಎರಡನೆಯದು ಬಡವರ ದಾರಿ. ರೇಡಿಯೊಗೂ ಗೋಡೆಗೂ ನಡುವೆ ಹಳೆಯ ಕಾಲದ ತಂತಿ ಬಲ್ಬೊಂದನ್ನು ಸೇರಿಸುವುದು. ಒಳಗೆ ಎಡವಟ್ಟಾದರೆ ಕರೆಂಟನ್ನೆಲ್ಲ ಬಲ್ಬು ತಾನೇ ನುಂಗಿ ಉರಿಯುತ್ತದೆ, ರೇಡಿಯೊ ಬದುಕುತ್ತದೆ. ಆದರೆ ಎಲ್.ಇ.ಡಿ. ಬಲ್ಬಿಗೆ ಅಷ್ಟು ದೊಡ್ಡ ಮನಸ್ಸಿಲ್ಲ; ತಂತಿ ಬಲ್ಬೇ ಆಗಬೇಕು.

“ತಂತಿ ಬಲ್ಬಾ?” ಎಂದ ಅಂಗಡಿಯವನು. “ಸಾರ್, ಮ್ಯೂಸಿಯಂನಲ್ಲಿ ಕೇಳಿ.”

ಪಕ್ಕದ ಮನೆಯೊಂದನ್ನು ಬಿಟ್ಟು ತಡೀರಪ್ಪ ಎಲ್ಲ ಕಡೆ ಕೇಳಿದ. ಪಕ್ಕದ ಮನೆಯಲ್ಲಿ ಇದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಅವರ ಹತ್ತಿರ ಒಂದು ಸೂಜಿ ಕೇಳಿದರೂ ಏಕೆ, ಏನು, ಎತ್ತ ಎಂದು ಮೊದಲಿನಿಂದ ಒಪ್ಪಿಸಬೇಕಾಗುತ್ತಿತ್ತು.

ದಾರಿಗಳೆಲ್ಲ ಮುಚ್ಚಿದವು ಎಂದುಕೊಂಡು ಸಂಜೆ ಸುಮ್ಮನೆ ಕೂತಿದ್ದಾಗ ಅವನ ಕಣ್ಣು ಗೋಡೆಯ ಮೇಲಿದ್ದ ವೋಲ್ಟ್‌ಮೀಟರಿನ ಮೇಲೆ ಬಿತ್ತು. ಅದೂ ತರಗತಿಯ ಕಾಲದ್ದು. ಅದರ ಮುಳ್ಳು ಎಂದಿನಂತೆ ಇಳಿಯುತ್ತಿತ್ತು. ಆ ಬೀದಿಯ ಕರೆಂಟಿನ ಹಣೆಬರಹವೇ ಹಾಗೆ. ಸಂಜೆ ಬೇಕರಿಯವನು ಕರೆಂಟಿನ ಒಲೆ ಹಚ್ಚಿ, ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಕಾಯಿಸಿದ ಕೂಡಲೇ ವೋಲ್ಟೇಜು ಅರ್ಧಕ್ಕೆ ಬೀಳುತ್ತಿತ್ತು. ಮತ್ತೆ ಒಂದೊಂದೇ ಅಂಗಡಿ ಮುಚ್ಚಿದಂತೆ ಮೆಟ್ಟಿಲು ಹತ್ತಿದ ಹಾಗೆ ಮೆಲ್ಲಮೆಲ್ಲಗೆ ಏರುತ್ತಿತ್ತು.

ತಡೀರಪ್ಪ ಎದ್ದು ನಿಂತ. ಮೇಷ್ಟ್ರು ಹೇಳಿದ್ದ ಯಂತ್ರ ಬೀದಿಯ ಉದ್ದಕ್ಕೂ ಮಲಗಿತ್ತು, ಬಾಡಿಗೆಯಿಲ್ಲದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ತಡೀರಪ್ಪ ಎಚ್ಚರಿಕೆಯ ಮನುಷ್ಯ. ನಡುವೆ ಯಾರಾದರೂ ಬಂದು ಬೀದಿಯ ವೋಲ್ಟೇಜು ಸರಿಮಾಡಿಬಿಟ್ಟರೆ? ಇಷ್ಟು ವರ್ಷ ಯಾರೂ ಮಾಡಿರಲಿಲ್ಲ ನಿಜ. ಆದರೂ ಒಂದು ಮಾತು ಹೇಳಿಬರುವುದು ಒಳ್ಳೆಯದು ಎಂದು, ಡಿಪೋದಲ್ಲಿ ಅರ್ಧ ದಿನ ರಜೆ ಹಾಕಿ, ವಿದ್ಯುತ್ ಆಫೀಸಿಗೆ ಹೋದ.

ಎಂಜಿನಿಯರರ ಮೇಜಿನ ಮುಂದೆ ಸಾಲು ಇತ್ತು. ತಡೀರಪ್ಪನ ಸರದಿ ಬಂದಾಗ ಅವರು ತಲೆ ಎತ್ತದೆ, “ಏನು ಸಮಸ್ಯೆ?” ಎಂದರು.

“ಸಮಸ್ಯೆ ಏನಿಲ್ಲ ಸರ್. ನಮ್ಮ ಬೀದೀಲಿ ಸಂಜೆ ಹೊತ್ತು ವೋಲ್ಟೇಜು ಅರ್ಧಕ್ಕೆ ಇಳಿಯುತ್ತೆ.”

“ದೂರು ಪಕ್ಕದ ಕೌಂಟರಲ್ಲಿ.”

“ದೂರಲ್ಲ ಸರ್. ತುಂಬಾ ಅನುಕೂಲ ಆಗಿದೆ. ಹೀಗೇ ಇರಲಿ ಅಂತ ಕೇಳ್ಕೊಳ್ಳೋಕೆ ಬಂದೆ.”

ಎಂಜಿನಿಯರು ತಲೆ ಎತ್ತಿದರು. “ಹೀಗೇ ಇರಲಿ?”

“ಹೌದು ಸರ್. ದಯವಿಟ್ಟು ವೋಲ್ಟೇಜು ಏರಿಸಬೇಡಿ. ಅದಕ್ಕೆ ನೀವೇನೂ ಮಾಡ್ಬೇಕಾಗಿಲ್ಲ. ಇಷ್ಟು ವರ್ಷ ಹೇಗೆ ಏನೂ ಮಾಡ್ದೆ ಇದ್ರೋ ಹಾಗೇ ಇದ್ರೆ ಸಾಕು.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ನಮ್ಮ ಮಾವನವರಂತೂ ನಿಮ್ಮನ್ನ ನೆನೆಸ್ಕೋತಾರೆ ಸರ್,” ಎಂದು ತಡೀರಪ್ಪ ಕೈಮುಗಿದ. “ಈ ವಯಸ್ಸಲ್ಲಿ ಅವರಿಗೆ ಇರೋದು ಇದೊಂದೇ ಆಸೆ.”

“ಯಾವುದು, ಕರೆಂಟ್ ಇಲ್ದೆ ಇರೋದಾ?”

“ಪೂರ್ತಿ ಇಲ್ದೆ ಇರೋದಲ್ಲ ಸರ್. ಅರ್ಧ.”

ಸಾಲು ಗೊಳ್ಳೆಂದಿತು. ಎಂಜಿನಿಯರರ ಕಿವಿಯ ತುದಿ ಕೆಂಪಾಯಿತು. ಆ ಕುರ್ಚಿಯಲ್ಲಿ ಕೂತು ಅವರು ಬೈಗುಳ ಕೇಳಿದ್ದರು, ಶಾಪ ಕೇಳಿದ್ದರು, ಒಮ್ಮೆ ಯಾರೋ ಎಸೆದ ಪಿಂಗಾಣಿ ಫ್ಯೂಸನ್ನು ಹಿಡಿದೂ ಇದ್ದರು. ಕೈಮುಗಿದು, ಕಣ್ಣು ತುಂಬಿಕೊಂಡು, ಮುಖದ ಒಂದು ಗೆರೆ ಅಲ್ಲಾಡದಂತೆ ಯಾರೂ ಹೀಗೆ ಉಗಿದಿರಲಿಲ್ಲ.

“ನಿಮ್ಮ ಹೆಸರು?”

“ಎಲ್ಲಾ ತಡೀರಪ್ಪ ಅಂತಾರೆ ಸರ್.”

“ಹೋಗಿಬನ್ನಿ. ಏನು ಮಾಡ್ಬೇಕೋ ನಂಗೊತ್ತು.”

ತಡೀರಪ್ಪ ಮನೆಗೆ ಬಂದು ಹೆಂಡತಿಗೆ, “ತುಂಬಾ ಸಜ್ಜನರು ಕಣೇ. ಒಂದೇ ಮಾತಿಗೆ ಒಪ್ಕೊಂಡ್ರು,” ಎಂದ.

ಆ ಸಾಲಿನಲ್ಲಿ ಇಸ್ತ್ರಿ ಅಂಗಡಿಯವನೂ ನಿಂತಿದ್ದ ಎಂಬುದು ಅವನಿಗೆ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ತಡೀರಪ್ಪ ಬ್ರೆಡ್ಡು ತರಲು ಹೋದರೆ ಬೇಕರಿಯವನು ಎದ್ದು ನಿಂತ.

“ಏನ್ ಸ್ವಾಮಿ, ನೀವು ಇಷ್ಟು ದಿನ ಎಲ್ಲಿ ಅಡಗಿದ್ರಿ? ನಾವೆಲ್ಲ ವರ್ಷಗಟ್ಟಲೆ ಅತ್ತು ಕರೆದು ಬಂದ್ವಿ. ನೀವು ಹೋಗಿ ಹೂವಲ್ಲಿ ಹೊಡೆದು ಬಂದಿದ್ದೀರಿ.”

“ನಾನು ಯಾರಿಗೂ ಹೊಡೆದಿಲ್ಲ,” ಎಂದು ತಡೀರಪ್ಪ ಗಾಬರಿಯಾದ. “ನಾನು ನಿಜವಾಗ್ಲೂ ಕಡಿಮೆ ಕೇಳೋಕೇ ಹೋಗಿದ್ದು.”

“ನೋಡು, ನೋಡು,” ಎಂದ ಬೇಕರಿಯವನು ಇಸ್ತ್ರಿಯವನಿಗೆ. “ಈಗ್ಲೂ ಹೇಗೆ ಮುಖ ಇಟ್ಕೊಂಡಿದ್ದಾರೆ ನೋಡು. ಒಂದು ನಗು ಇಲ್ಲ.”

“ಅಲ್ಲೂ ಇದೇ ಮುಖ,” ಎಂದ ಇಸ್ತ್ರಿಯವನು ಭಕ್ತಿಯಿಂದ.

“ನನ್ನ ಹತ್ರ ಹಳೇ ರೇಡಿಯೊ ಇದೆ. ಅದಕ್ಕೆ ಪೂರ್ತಿ ವೋಲ್ಟೇಜು ಬಂದ್ರೆ ಸುಟ್ಟುಹೋಗುತ್ತೆ.”

“ಸರಿ ಬಿಡಿ, ಯಾರಾದ್ರೂ ಕೇಳಿದ್ರೆ ರೇಡಿಯೊ ಅಂತಾನೇ ಹೇಳ್ತೀವಿ,” ಎಂದು ಬೇಕರಿಯವನು ಕಣ್ಣು ಮಿಟುಕಿಸಿದ.

ಸತ್ಯವನ್ನು ಇನ್ನೆಷ್ಟು ಸಲ ಹೇಳುವುದು? ಹೇಳಿದಷ್ಟೂ ಅವನ ಕೀರ್ತಿ ಏರುತ್ತಿತ್ತು. ಅಭಿಮಾನದಿಂದ ಬೇಕರಿಯವನು ಒಂದು ಬ್ರೆಡ್ಡು ಹೆಚ್ಚಿಗೆ ಕೊಟ್ಟ. ತಡೀರಪ್ಪ ಬೇಡ ಎಂದರೆ ಅದನ್ನೂ ಜನ ಚಮತ್ಕಾರವೆಂದೇ ತಿಳಿದರು.

ಇತ್ತ ಮನೆಯಲ್ಲಿ, ತಡೀರಪ್ಪನ ಬಾಳಿನಲ್ಲೇ ಮೊದಲ ಬಾರಿಗೆ, ಅಂದುಕೊಂಡದ್ದು ಅಂದುಕೊಂಡಂತೆ ನಡೆಯತೊಡಗಿತು. ಮೊದಲ ಸಂಜೆ ವೋಲ್ಟೇಜು ಪೂರ್ತಿ ಬಿದ್ದ ಹೊತ್ತು ನೋಡಿ ಪ್ಲಗ್ಗು ಹಾಕಿದ. ಡಯಲ್ಲಿನ ಹಿಂದೆ ಆರಲಿರುವ ಕೆಂಡದಷ್ಟು ಬೆಳಕು ಮೂಡಿತು. ಹೊಗೆ ಬರಲಿಲ್ಲ, ವಾಸನೆ ಬರಲಿಲ್ಲ. ಅವನು ಒಂದು ಕಣ್ಣನ್ನು ಮೀಟರಿನ ಮೇಲೂ ಇನ್ನೊಂದನ್ನು ರೇಡಿಯೊದ ಮೇಲೂ ಇಟ್ಟು, ಮುಳ್ಳು ಸ್ವಲ್ಪ ಏರುತ್ತಲೇ ಪ್ಲಗ್ಗು ಕಿತ್ತ. ಮರುದಿನ ಇನ್ನೊಂದಿಷ್ಟು ಏರಲು ಬಿಟ್ಟ. ಅದರ ಮರುದಿನ ಇನ್ನೊಂದಿಷ್ಟು. ಒಂದು ಸಂಜೆ ಒಳಗಿಂದ ಜೇನುಹುಳದಂತೆ ಸಣ್ಣ ಗುಂಯ್‌ಗುಡುವಿಕೆ ಬಂತು. ಮಾವನವರಿಗೆ ಅದು ಕೇಳಿಸಲಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಿದ್ದರು.

“ಬಿಸಿ ಇದೆ,” ಎಂದರು. “ಉಸಿರಾಡ್ತಿದೆ.”

ಆ ದಿನ ಅವರು ಟ್ರಂಕಿನಿಂದ ಒಂದು ಅಂಗಿ ತೆಗೆದು ಗೂಟಕ್ಕೆ ತೂಗುಹಾಕಿದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಮದುವೆಯಾದಾಗಿನಿಂದ ಅವಳು ಅವನನ್ನು ಆ ರೀತಿ ನೋಡಿದ್ದು ಕಡಿಮೆ. ತಡೀರಪ್ಪನಿಗೆ ಭಯವಾಯಿತು. ಇಷ್ಟು ಒಳ್ಳೆಯದಾಗುವುದು ಒಳ್ಳೆಯದಲ್ಲ ಎಂದು ಅವನ ಮನಸ್ಸು ಹೇಳಿತು, ಮತ್ತು ಅವನ ಮನಸ್ಸು ಇಂಥ ವಿಷಯದಲ್ಲಿ ಎಂದೂ ತಪ್ಪಿದ್ದಿಲ್ಲ.

ಇನ್ನೊಂದೆರಡು ಸಂಜೆ ಸಿಕ್ಕಿದ್ದರೆ ಸಾಕಿತ್ತು. ಮರುದಿನ ಡಿಪೋದಲ್ಲಿ ಒಂದು ಕೊಡೆಯ ಹಿಡಿಕೆಯ ಬಗ್ಗೆ ಅವನಿಗೆ ಅನುಮಾನ ಬಂತು. ವಾರಸುದಾರಳಾದ ಮುದುಕಿಗೆ ‘ತಡೀರಿ’ ಎಂದು ಹೇಳಿ ಹೇಳಿ, ಅವಳಿಂದ ಬೈಸಿಕೊಂಡು, ಮನೆಗೆ ಹೊರಡುವಾಗ ಹೊತ್ತಾಗಿಹೋಗಿತ್ತು. ಬೀದಿಯ ತಿರುವಿಗೆ ಬಂದವನು ನಿಂತುಬಿಟ್ಟ. ದೀಪಗಳು ಉರಿಯುತ್ತಿದ್ದವು. ಉರಿಯುವುದೆಂದರೆ, ನಿಜವಾಗಿ ಉರಿಯುತ್ತಿದ್ದವು. ಆ ಬೀದಿಯ ಜನರ ಮುಖಗಳಲ್ಲಿ ಇಷ್ಟು ಸುಕ್ಕುಗಳಿದ್ದವೆಂದು ಅವನಿಗೆ ಅಂದೇ ತಿಳಿದದ್ದು. ಕಂಬದ ಪಕ್ಕದಲ್ಲಿ ಲಾರಿ ನಿಂತಿತ್ತು; ಕಂಬದ ಮೇಲೆ ಹೊಚ್ಚ ಹೊಸ ಟ್ರಾನ್ಸ್‌ಫಾರ್ಮರು.

ತಡೀರಪ್ಪ ಓಡಿದ. ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಇಡೀ ಬೀದಿ. ನಡುವೆ ಕುರ್ಚಿಯಲ್ಲಿ ಎಂಜಿನಿಯರು, ಕೈಯಲ್ಲಿ ಟೀ ಲೋಟ, ಗೆದ್ದು ಬಂದವರ ಗತ್ತು.

“ಬನ್ನಿ,” ಎಂದರು. “ಏನೋ ಅರ್ಧ ಸಾಕು ಅಂದಿದ್ರಲ್ಲ. ಪೂರ್ತಿ ಕೊಟ್ಟಿದ್ದೀನಿ. ನಿಮ್ಮ ಬಾಯಿಂದಲೇ ಒಂದು ಮಾತು ಕೇಳಿ ಹೋಗೋಣ ಅಂತ ಕೂತೆ.”

“ಯಾಕ್ ಸರ್ ಹೀಗ್ ಮಾಡಿದ್ರಿ?” ಎಂದ ತಡೀರಪ್ಪ. ಅವನ ದನಿ ಅಳುವಿನಂತಿತ್ತು.

ಬೀದಿಗೆ ಬೀದಿಯೇ ನಕ್ಕಿತು. “ನೋಡಿದ್ರಾ ಸಾರ್, ಇದೇ ಆ ಮುಖ,” ಎಂದು ಇಸ್ತ್ರಿಯವನು ಎಂಜಿನಿಯರರಿಗೆ ತೋರಿಸಿದ.

ಆಗ ತಡೀರಪ್ಪನ ಕಣ್ಣು ಮೂಲೆಗೆ ಹೋಯಿತು. ಮಾವನವರು ಒಗೆದ ಅಂಗಿ ತೊಟ್ಟು ರೇಡಿಯೊದ ಮುಂದೆ ಕೂತಿದ್ದರು. ಪ್ಲಗ್ಗು ಆಗಲೇ ಗೋಡೆಯಲ್ಲಿತ್ತು. ಹೊಸ ಕರೆಂಟು ಬಂದಿದೆ ಎಂದು ಅವರಿಗೆ ಯಾರೋ ಸನ್ನೆಯಲ್ಲಿ ತಿಳಿಸಿದ್ದರು. ಅವರ ಕೈ ಸ್ವಿಚ್ಚಿನ ಗುಂಡಿಯ ಮೇಲಿತ್ತು.

“ತಡೀರಿ,” ಎಂದು ತಡೀರಪ್ಪ ಕೂಗಿದ. “ಮಾವ, ತಡೀರಿ, ತಡೀರಿ.”

ಇದಕ್ಕೇ ಕಾದಿದ್ದವರಂತೆ ಎಲ್ಲರೂ ಒಟ್ಟಿಗೆ “ತಡೀರಿ, ತಡೀರಿ” ಎಂದು ಹಾಡಿ ಚಪ್ಪಾಳೆ ತಟ್ಟಿದರು. ಕೇಳಿಸಬೇಕಾದವರೊಬ್ಬರಿಗೆ ಕೇಳಿಸಲಿಲ್ಲ. ಅವರು ಗುಂಡಿ ತಿರುಗಿಸಿದರು.

ವಾಲ್ವುಗಳು ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಪ್ಲಗ್ಗು ಕೀಳಬಹುದಿತ್ತು. ಆದರೆ ಪ್ಲಗ್ಗಿಗೂ ಅವನಿಗೂ ನಡುವೆ ಇಡೀ ಬೀದಿ ನಿಂತಿತ್ತು, ಮತ್ತು ಶಹಬ್ಬಾಸ್ ಎನ್ನುತ್ತ ಅವನ ಕೈ ಹಿಡಿದು ಕುಲುಕುತ್ತಿತ್ತು.

ಡಯಲ್ಲು ಎಂದೂ ಇಲ್ಲದಂತೆ ಝಗ್ಗನೆ ಬೆಳಗಿತು. ಒಳಗೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ಆಮೇಲೆ ಒಂದು ಹೆಂಗಸಿನ ದನಿ, ದೊಡ್ಡದಾಗಿ, ಹಾಡಿನದೋ ಮಾತಿನದೋ ಅರ್ಧ ಶಬ್ದ. ಉಳಿದರ್ಧ ಬರುವ ಮೊದಲು ‘ಢಮ್’ ಎಂದಿತು. ಮನೆಯ ಫ್ಯೂಸು ಹೋಗಿ ಕತ್ತಲಾಯಿತು. ಸುಟ್ಟ ಮೇಣದ ವಾಸನೆ ಕೋಣೆ ತುಂಬಿತು.

ಆ ಕತ್ತಲಲ್ಲಿ ಮಾವನವರ ದನಿ ಎದ್ದಿತು. ಕಿವಿ ಕೇಳದವರ ದನಿ ಸಣ್ಣದಿರುವುದಿಲ್ಲ.

“ಹೋಯ್ತಾ ಕರೆಂಟು? ಏನ್ರೀ ಎಂಜಿನಿಯರೇ, ಹೊಸಾ ಟ್ರಾನ್ಸ್‌ಫಾರ್ಮರು ಅಂದ್ರು. ಇಷ್ಟೇನಾ ಇದರ ಆಯಸ್ಸು?”

ಯಾರೋ ನಕ್ಕರು. ಎಂಜಿನಿಯರು ಟೀ ಲೋಟವನ್ನು ಕತ್ತಲಲ್ಲೇ ನೆಲಕ್ಕಿಟ್ಟು, “ಮನೆಮಂದಿಯೆಲ್ಲ ಹೀಗೇನಾ ನೀವು?” ಎಂದು ಕೇಳಿ, ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಜನ ಚದುರಿ, ಮಾವನವರು ಮಲಗಿದ ಮೇಲೆ ತಡೀರಪ್ಪ ಫ್ಯೂಸು ಕಟ್ಟಿ, ರೇಡಿಯೊದ ಬೆನ್ನು ಬಿಚ್ಚಿ ನೋಡಿದ. ಬಿಚ್ಚಬೇಕೋ ಬೇಡವೋ ಎಂದು ಯೋಚಿಸದೆ ಅವನು ಬಿಚ್ಚಿದ ಮೊದಲ ಸೆಟ್ಟು ಅದು. ನೋಡಿ ಮತ್ತೆ ಮುಚ್ಚಿದ. ಕೆಪಾಸಿಟರು ಸಿಡಿದಿತ್ತು, ಒಳಗಿನ ಸುರುಳಿ ಕರಗಿ ಕರಿಮುದ್ದೆಯಾಗಿತ್ತು. ಯಾವ ದರ್ಜೆಯ ಸರ್ಟಿಫಿಕೇಟಿನವನಿಂದಲೂ ಅದು ಇನ್ನು ಮಾತಾಡುವಂತಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಬೆಳಗಾದರೆ ಬಾಗಿಲಲ್ಲಿ ಇಸ್ತ್ರಿಯವನು. ಅವನ ಕೈಯಲ್ಲಿ ಪೆಟ್ಟಿಗೆಯ ಆಕಾರಕ್ಕೆ ಸರಿಯಾಗಿ ತೂತು ಬಿದ್ದ ಒಂದು ಅಂಗಿ. ಅರ್ಧ ಕರೆಂಟಿಗೆ ಪಳಗಿದ ಕೈ, ಎಂದಿನಂತೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಎಂದಿನಷ್ಟು ಹೊತ್ತು ಒತ್ತಿತ್ತು. ಅವನ ಹಿಂದೆ ಬೇಕರಿಯವನು, ಇದ್ದಿಲಿನಂತಿದ್ದ ಒಂದು ಬ್ರೆಡ್ಡು ಹಿಡಿದು.

“ಯಾರ್ರೀ ಹೇಳಿದ್ರು ನಿಮ್ಮನ್ನ ಆ ಆಫೀಸಿಗೆ ಹೋಗಿ ಅಂತ?” ಎಂದ ಬೇಕರಿಯವನು.

“ನಾನು ಕಡಿಮೆ ಕೊಡಿ ಅಂತಾನೇ ಕೇಳಿದ್ದು,” ಎಂದ ತಡೀರಪ್ಪ.

“ಇನ್ನೂ ಕುಚೋದ್ಯ ಮಾಡ್ತೀರಲ್ರೀ. ಹೋಗಿ, ಹೋಗಿ ಇಳಿಸಿಕೊಂಡು ಬನ್ನಿ.”

ಹೋದ. ಅವನನ್ನು ಕಂಡ ಕೂಡಲೇ ಎಂಜಿನಿಯರು ಎದ್ದು ನಿಂತರು. ತಡೀರಪ್ಪ ಮೊದಲು ಅವರ ಚಪ್ಪಲಿಯನ್ನು ಮೇಜಿನ ಪಕ್ಕ ಇಟ್ಟ. ಆಮೇಲೆ ಕೈಮುಗಿದ.

“ಸರ್, ಬೀದಿಯವರೆಲ್ಲ ಕಳಿಸಿದ್ದಾರೆ. ಸಾಕಾಗಿ ಮಿಕ್ಕಿದೆ. ದಯವಿಟ್ಟು ಸ್ವಲ್ಪ ಇಳಿಸಿ.”

ಎಂಜಿನಿಯರು ಚಪ್ಪಲಿಯನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದರು. “ಹೊಸದು ಹಾಕ್ಸೋಕೆ ನಾನು ಯಾರ್ಯಾರ ಕಾಲು ಹಿಡಿದೆ ಗೊತ್ತೇನ್ರಿ? ಇದಕ್ಕೂ ಅಣಕವೇ? ಆಯ್ತು. ನಾನೂ ನೋಡ್ತೀನಿ.” ಫೋನೆತ್ತಿ ಲೈನ್‌ಮನ್ನಿಗೆ ಹೇಳಿದರು: “ಆ ಬೀದಿಗೆ ವೋಲ್ಟೇಜು ಇನ್ನೊಂದು ಮೆಟ್ಟಿಲು ಏರಿಸು.”

ಸೋತು ಮನೆ ಸೇರಿದಾಗ ಜಗಲಿಯ ಮೇಲೆ ಹೆಡ್‌ಮಿಸ್ಟ್ರೆಸ್ಸು ಕಾದಿದ್ದರು. ಕೈಯಲ್ಲಿ ಒಂದು ತಗಡಿನ ಡಬ್ಬಿ.

“ತಂತಿ ಬಲ್ಬಿಗೋಸ್ಕರ ಊರೆಲ್ಲ ಅಲೆದಿರಂತೆ. ನನ್ನ ಹತ್ರ ಡಬ್ಬಿ ತುಂಬಾ ಇವೆ. ಪಕ್ಕದ ಮನೆ ಬಾಗಿಲು ತಟ್ಟೋಕೆ ಏನಾಗಿತ್ತು ನಿಮಗೆ? ನಾನೇನು ತಿಂದುಬಿಡ್ತಿದ್ನೇ?”

ತಡೀರಪ್ಪ ತಪ್ಪು ಮಾಡಿದ ಹುಡುಗನಂತೆ ಡಬ್ಬಿ ತೆಗೆದುಕೊಂಡ. ಒಳಗೆ ಹತ್ತಿಯಲ್ಲಿ ಸುತ್ತಿದ ಪುಟ್ಟ ಪುಟ್ಟ ಬಲ್ಬುಗಳು, ಒಂದೂ ಒಡೆದಿರಲಿಲ್ಲ.

ಹೆಂಡತಿ ಅವನನ್ನು ಅಡುಗೆಮನೆಗೆ ಕರೆದಳು. “ರೀ, ಅಪ್ಪ ಟ್ರಂಕ್ ಖಾಲಿ ಮಾಡಿದ್ರು. ಬಟ್ಟೆಯೆಲ್ಲ ಬೀರುವಿಗೆ ಇಡಿಸಿದ್ರು. ನಿನ್ನೆ ಅದು ಮಾತಾಡ್ತು, ನಾನು ಕೇಳಿದೆ ಅಂತಾರೆ. ಸಂಜೆ ಯಾವಾಗ ಆಗುತ್ತೆ ಅಂತ ಬೆಳಗ್ಗಿಂದ ಕೇಳ್ತಿದ್ದಾರೆ. ನಿಜ ನೀವೇ ಹೇಳ್ತೀರಾ?”

“ತಡಿ,” ಎಂದ ತಡೀರಪ್ಪ.

ಮಾವನವರು ಮಧ್ಯಾಹ್ನ ಮಲಗಿದ್ದಾಗ ರೇಡಿಯೊದ ಬೆನ್ನು ಮತ್ತೆ ಬಿಚ್ಚಿದ. ಸುಟ್ಟದ್ದನ್ನೆಲ್ಲ ಕತ್ತರಿಸಿ ಬದಿಗೆ ಸರಿಸಿ, ಡಯಲ್ಲಿನ ಹಿಂದೆ ಎರಡು ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ; ಇರುವ ಕರೆಂಟನ್ನು ಎರಡೂ ಪಾಲು ಮಾಡಿಕೊಂಡು ಅರ್ಧರ್ಧ ವೋಲ್ಟೇಜಿನಲ್ಲಿ ತಣ್ಣಗೆ ಉರಿಯಲಿ ಎಂದು. ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟು ವರ್ಷಗಳಲ್ಲಿ ಮೊದಲ ಬಾರಿ ಅವನ ಕೈಯಲ್ಲಿ ಸರಿಯಾಗಿ ಬಂತು. ನೋಡಿ ಮೆಚ್ಚುವವರು ಮಾತ್ರ ಯಾರೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ.

ಸಂಜೆಯಾಯಿತು. ಮಾವನವರು ಗುಂಡಿ ತಿರುಗಿಸಿದರು. ಅತ್ತೆಯವರು ಬಿಟ್ಟುಹೋದ ಜಾಗದಲ್ಲೇ ನಿಂತ ಮುಳ್ಳಿನ ಹಿಂದೆ ಹಳದಿ ಬೆಳಕು ಮೆಲ್ಲಗೆ ತುಂಬಿತು. ಅವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಬಲ್ಬಿನ ಕಾವಿಗೆ ಅದು ಬೆಚ್ಚಗಿತ್ತು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಬೆರಳು ತಾಳ ಹಾಕತೊಡಗಿತು.

ಗಂಡ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ಮನೆಯಲ್ಲಿ ಸದ್ದೇ ಇರಲಿಲ್ಲ. ಹೊರಗೆ ಬೀದಿಯಲ್ಲಿ ಬೇಕರಿಯವನು ತನ್ನನ್ನು ಹೆಸರು ಹಿಡಿದು ಬೈಯುತ್ತಿರುವುದು ಮಾತ್ರ ತಡೀರಪ್ಪನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಚೆನ್ನಾಗಿ ಹಾಡ್ತಾಳೆ,” ಎಂದರು ಮಾವನವರು, ಕಣ್ಣು ತೆರೆಯದೆ. “ಆದ್ರೆ ಗಂಟಲು ಸ್ವಲ್ಪ ಕೂತಿದೆ. ನಿನ್ನೆ ಇದ್ದ ಜೋರು ಇಲ್ಲ.” ಆಮೇಲೆ ಕಣ್ಣು ತೆರೆದು ಅವನ ಕಡೆ ತಿರುಗಿದರು. ಆ ಮನೆಗೆ ಬಂದಮೇಲೆ ಮೊದಲ ಸಲ ಅವನನ್ನೇ ನೋಡಿ, ಅಕ್ಕರೆಯಿಂದ ಮಾತಾಡಿದರು.

“ವೋಲ್ಟೇಜು ಸಾಲ್ತಾ ಇಲ್ಲ ಅನ್ಸುತ್ತೆ, ಅಳಿಯಂದಿರೇ. ನಾಳೆ ಒಂದ್ಸಲ ಆ ಆಫೀಸಿಗೆ ಹೋಗಿ ಹೇಳಿಬನ್ನಿ. ಅಲ್ಲಿ ನಿಮ್ಮ ಮಾತು ನಡೆಯುತ್ತೆ.”